ಕೊನೆಯ ಸಾಲಿನ ತೋಳ

ತಿರುಪಮ್ಮನ ಕಿವಿಯ ಬಗ್ಗೆ ಊರಿನವರು ಉಪ್ಪುಖಾರ ಹಚ್ಚಿ ಹೇಳುತ್ತಾರೆ ಎಂಬ ಆರೋಪವಿದೆ. ನಿಜವಾಗಿ ಅವರು ಹೇಳುವುದು ಕಡಿಮೆಯೇ. ಮೂರು ಬೀದಿ ಆಚೆ ಯಾರೋ ಚಮಚ ಬೀಳಿಸಿದರೆ ಇವಳು ತನ್ನ ಅಡುಗೆಮನೆಯಲ್ಲಿ ಕೂತೇ, “ಹಿತ್ತಾಳೆದು. ಹಿಡಿ ಸೊಟ್ಟಗಾಗಿದೆ” ಎನ್ನುತ್ತಿದ್ದಳು. ಒಮ್ಮೆ ಕೋಣೆಯಲ್ಲಿ ಎರಡು ಸೊಳ್ಳೆ ಸೇರಿಕೊಂಡಾಗ, ಶ್ರುತಿ ತಪ್ಪಿ ಹಾಡುತ್ತಿದ್ದುದನ್ನು ಮಾತ್ರ ಹೊಡೆದು ಇನ್ನೊಂದನ್ನು ಗೌರವದಿಂದ ಬಿಟ್ಟುಬಿಟ್ಟಳಂತೆ. ಅದು ಆಮೇಲೆ ಅವಳ ಗಂಡನನ್ನು ಬೆಳಗಿನವರೆಗೆ ಕಚ್ಚಿತು. ಆದರೆ ಶುದ್ಧ ಸ್ವರದಲ್ಲಿ.

ಅವಳ ಕಸುಬು ಪಿಯಾನೊಗಳಿಗೆ ಶ್ರುತಿ ಕೂಡಿಸುವುದು. ಒಂದೊಂದು ಪಿಯಾನೊದ ಹೊಟ್ಟೆಯಲ್ಲೂ ಇನ್ನೂರಕ್ಕೆ ಮೇಲ್ಪಟ್ಟು ತಂತಿ, ತಂತಿಗೊಂದು ಬಿರಡೆ. ಕಬ್ಬಿಣದ ಹಿಡಿ ಸಿಕ್ಕಿಸಿ ಆ ಬಿರಡೆಗಳನ್ನು ತಿರುವಿ ತಿರುವಿ ಅವಳ ಬಲಗೈ ಎಡಗೈಗಿಂತ ಒಂದು ಅಳತೆ ದಪ್ಪವಾಗಿ, ರವಿಕೆ ಹೊಲಿಯುವವನು ಎರಡು ತೋಳಿಗೆ ಎರಡು ಸಲ ಟೇಪು ಹಿಡಿಯಬೇಕಾಗುತ್ತಿತ್ತು. ತಿರುವುವವಳು, ಹಾಗಾಗಿ ತಿರುಪಮ್ಮ. ಹುಟ್ಟಿದಾಗ ಇಟ್ಟ ಹೆಸರು ಅವಳಿಗೇ ಮರೆತುಹೋಗಿತ್ತು.

ಅವಳಿಗೊಬ್ಬಳು ಅಕ್ಕ. ಹಾಡುಗಾರ್ತಿ. ಅಕ್ಕ ಬೀದಿಯಲ್ಲಿ ಕೆಮ್ಮಿದರೂ ಅಕ್ಕಪಕ್ಕದ ಮನೆಯವರು ಕಿಟಕಿ ತೆಗೆದು ಚಪ್ಪಾಳೆ ತಟ್ಟುವಷ್ಟು ಹೆಸರು. ಅಕ್ಕತಂಗಿಯರು ಮಾತು ಬಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಮಾತು ಬಿಟ್ಟ ವರ್ಷ ನೆಟ್ಟ ಸಸಿಯ ನೆರಳಿನಲ್ಲಿ ಈಗ ಬಸ್ಸುಗಳು ನಿಲ್ಲುತ್ತಿದ್ದವು. ಜಗಳ ಆಸ್ತಿಯದಲ್ಲ, ಒಡವೆಯದಲ್ಲ. ಒಂದು ಹಾಡಿನದು. ಅದು ಹುಟ್ಟಿದ್ದು ಅಪ್ಪನ ಅಡುಗೆಮನೆಯಲ್ಲಿ.

ಅಪ್ಪನೂ ಶ್ರುತಿ ಕೂಡಿಸುವವನೇ. ಜಾಗವಿಲ್ಲದೆ ಪಿಯಾನೊ ರಿಪೇರಿಯನ್ನು ಅಡುಗೆಮನೆಯಲ್ಲೇ ಮಾಡುತ್ತಿದ್ದ. ಸಾರಿನಲ್ಲಿ ತಂತಿಯ ಚೂರು ಸಿಗುವುದು ಆ ಮನೆಯಲ್ಲಿ ಮಾಮೂಲು. ಒಂದು ದಿನ ಹಲಗೆಯ ಮೇಲೆ ಒಂಟಿ ತಂತಿ ಬಿಗಿದು ಇಬ್ಬರು ಹೆಣ್ಣುಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡ.

“ನೋಡಿ ಮಕ್ಕಳೇ. ತಂತಿನ ಅರ್ಧ ಮಾಡಿದ್ರೆ ಅದೇ ಸ್ವರ, ಮೇಲಿನ ಸ್ಥಾಯಿಲಿ. ಮೂರು ಪಾಲು ಮಾಡಿ ಎರಡನ್ನ ಮೀಟಿದ್ರೆ, ಸ ಇದ್ದದ್ದು ಪ ಆಯ್ತು. ಈಗ ಆ ಪ-ನೇ ಸ ಅಂದ್ಕೊಂಡು ಇನ್ನೊಂದು ಪ, ಅದರ ಮೇಲೆ ಇನ್ನೊಂದು ಪ. ಹೀಗೆ ಹನ್ನೆರಡು ಸಲ ಹತ್ತಿದ್ರೆ ಪ್ರಪಂಚದ ಸ್ವರಗಳೆಲ್ಲ ಮುಗಿದು ಹೊರಟ ಕಡೆಗೇ ವಾಪಸ್ ಬರ್ಬೇಕು ತಾನೆ?”

“ಬರ್ಬೇಕು” ಎಂದಳು ಚಿಕ್ಕವಳು.

“ಬರಲ್ಲ. ಕೂದಲೆಳೆಯಷ್ಟು ಆಚೆಗೆ ಇಳಿಯುತ್ತೆ. ಯಾಕೆ ಅಂದ್ರೆ, ಮೂರನ್ನ ಮೂರರಿಂದ ಗುಣಿಸ್ತಾ ಹೋಗು, ಬೆಸಸಂಖ್ಯೆನೇ ಬರುತ್ತೆ. ಎರಡನ್ನ ಎರಡರಿಂದ ಗುಣಿಸ್ತಾ ಹೋಗು, ಸಮಸಂಖ್ಯೆನೇ ಬರುತ್ತೆ. ಪ್ರಳಯದವರೆಗೆ ಗುಣಿಸಿದ್ರೂ ಅವೆರಡೂ ಒಂದು ಕಡೆ ಸೇರಲ್ಲ.”

“ಅದಕ್ಕೇನೀಗ? ಸ್ವಲ್ಪ ಒತ್ತಿಬಿಡಿ ಅಪ್ಪ, ಯಾರಿಗೆ ಗೊತ್ತಾಗುತ್ತೆ?” ಎಂದಳು ಅಕ್ಕ.

ಚಿಕ್ಕವಳು ಅಂದು ಊಟ ಬಿಟ್ಟಳು. ದೇವರು ಇಷ್ಟು ದೊಡ್ಡ ಮನೆ ಕಟ್ಟಿ ಬಾಗಿಲೊಂದನ್ನು ಮಾತ್ರ ಚೌಕಟ್ಟಿಗೆ ಕೂರದ ಹಾಗೆ ಮಾಡಿಟ್ಟಿದ್ದಾನೆಂದು ತಿಳಿದ ಮೇಲೆ ಯಾರಿಗೆ ಅನ್ನ ಇಳಿಯುತ್ತದೆ? ಆ ಉಳಿಕೆಯನ್ನು ಏನು ಮಾಡುವುದೆಂದು ಅಪ್ಪ ಸಮಾಧಾನವಾಗಿ ಹೇಳಿಕೊಟ್ಟ. ಒಂದು ದಾರಿ, ಅದನ್ನು ಎಲ್ಲ ಸ್ವರಗಳಿಗೂ ತೆಳ್ಳಗೆ ಸವರಿಬಿಡುವುದು. ಯಾವುದೂ ಪೂರ್ತಿ ಶುದ್ಧವಲ್ಲ, ಯಾವುದೂ ಕಿವಿ ಚುಚ್ಚುವುದಿಲ್ಲ. ಈಗಿನವರದೆಲ್ಲ ಇದೇ ದಾರಿ. ಇನ್ನೊಂದು ಹಿಂದಿನವರದು: ಹನ್ನೆರಡು ಸ-ಪ ಜೋಡಿಗಳಲ್ಲಿ ಹನ್ನೊಂದನ್ನು ಹಾಲಿನಂತೆ ಶುದ್ಧ ಮಾಡಿ, ಕೊಳೆಯನ್ನೆಲ್ಲ ಗುಡಿಸಿ ಹನ್ನೆರಡನೆಯ ಜೋಡಿಯ ಮೇಲೆ ಸುರಿಯುವುದು. ಆ ಜೋಡಿ ನುಡಿಸಿದರೆ ಹಸಿದ ತೋಳ ಊಳಿಟ್ಟ ಹಾಗೆ ಕೇಳುತ್ತದೆ. ಕಸುಬಿನವರು ಅದನ್ನು ತೋಳವೆಂದೇ ಕರೆಯುತ್ತಾರೆ. “ತೋಳನ್ನ ಕೊಲ್ಲೋಕಾಗಲ್ಲ ಮಗಳೇ,” ಎಂದ ಅಪ್ಪ, “ಎಲ್ಲಿ ಕಟ್ಟಬೇಕು ಅನ್ನೋದಷ್ಟೇ ನಮ್ಮ ಕೈಲಿರೋದು.”

ಅಂದಿನಿಂದ ಚಿಕ್ಕವಳು ಪಾತ್ರೆ ಒರೆಸುತ್ತ ಒಂದು ರಾಗ ಗುನುಗತೊಡಗಿದಳು. ಪ-ದಿಂದ ಪ-ಗೆ ಹತ್ತುವ ರಾಗ. ಒಂದೊಂದು ಮೆಟ್ಟಿಲಿಗೂ ಹೊಸ ಕಿಟಕಿ ತೆರೆದ ಹಾಗೆ ಬೆಳಕು. ನೆರೆಮನೆಯ ಅಳುವ ಕೂಸು ಅದನ್ನು ಕೇಳಿ ಅಳು ನಿಲ್ಲಿಸಿದ್ದಷ್ಟೇ ಅಲ್ಲ, ಹಿಂದೆ ಅತ್ತದ್ದಕ್ಕೆ ನಾಚಿಕೊಂಡಿತಂತೆ. ಅಕ್ಕ ಪಕ್ಕದಲ್ಲೇ ಕೂತು ತಲೆ ಬಾಚಿಕೊಳ್ಳುತ್ತ ಕೇಳಿಸಿಕೊಂಡಳು. ಆ ವರ್ಷದ ಹಾಡಿನ ಸ್ಪರ್ಧೆಯಲ್ಲಿ ಅದನ್ನೇ ಹಾಡಿ ಗೆದ್ದಳು. ಯಾರು ಕಟ್ಟಿದ್ದೆಂದು ಕೇಳಿದಾಗ, “ನಾನೇ” ಎಂದಳು.

ಎರಡಕ್ಷರದ ಆ ಮಾತನ್ನು ತಿರುಪಮ್ಮ ಜನ್ಮವಿಡೀ ಜಗಿದಳು. ಅರಗಲಿಲ್ಲ. ಅರಗಿಸಿಕೊಳ್ಳಲು ಊರೂ ಬಿಡಲಿಲ್ಲ. ಹಾಡು ಊರಿನದಾಯಿತು. ಕ್ಷೌರಿಕ ಅದಕ್ಕೆ ಕತ್ತರಿ ಆಡಿಸಿದ, ಹಲ್ಲಿನ ಡಾಕ್ಟರು ಅದನ್ನು ಗುನುಗುತ್ತ ತಪ್ಪು ಹಲ್ಲು ಕಿತ್ತರು. ಎಲ್ಲಕ್ಕಿಂತ ಘೋರವಾದದ್ದು ಅವಳ ಕೆಲಸದ ಕೊನೆಯಲ್ಲಿ ಕಾದಿರುತ್ತಿತ್ತು. ಯಾವ ಮನೆಗೇ ಹೋಗಲಿ, ಬೆಳಗಿನಿಂದ ಬೆನ್ನು ಬಾಗಿಸಿ ಶ್ರುತಿ ಕೂಡಿಸಿ ಮುಗಿಸಿದ ಮೇಲೆ, ಮನೆಯಾಕೆ ಪರೀಕ್ಷೆ ಮಾಡಲು ಕೂತು ನುಡಿಸುತ್ತಿದ್ದುದು ಅದೊಂದೇ ಹಾಡು. “ನಿಮ್ಮಕ್ಕನ ಹಾಡು! ಎಂಥ ತಲೆ ಅಲ್ವಾ ಅವರದು?” ತಿರುಪಮ್ಮ ತನ್ನ ಕೈಯಲ್ಲಿದ್ದ ಕಬ್ಬಿಣದ ಹಿಡಿಯನ್ನೂ ಮನೆಯಾಕೆಯ ತಲೆಯನ್ನೂ ಒಮ್ಮೆ ನೋಡಿ, ಒಮ್ಮೆ ದೇವರನ್ನು ನೆನೆದು, ಹಿಡಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಹೀಗೆ ಬದುಕಿದ ತಲೆಗಳ ಸಂಖ್ಯೆ ಆ ಊರಿನ ಜನಸಂಖ್ಯೆಯಷ್ಟೇ ಇದೆ.

ಹೀಗಿರುವಾಗ ಊರ ಗೋಡೆಗಳ ಮೇಲೆಲ್ಲ ಅಕ್ಕನ ಮುಖದ ಪೋಸ್ಟರು ಬಿತ್ತು. ಅಕ್ಕನ ಕೊನೆಯ ಕಛೇರಿ, ಪುರಭವನದಲ್ಲಿ. ಮುಖದ ಕೆಳಗೆ ದಪ್ಪಕ್ಷರ: “ತಾವೇ ಕಟ್ಟಿದ ಅಮರ ಗೀತೆಯೊಂದಿಗೆ ವಿದಾಯ.” ಸಂಜೆ ಪುರಭವನದ ಮ್ಯಾನೇಜರಿನ ಫೋನು ಬಂತು. ಪಿಯಾನೊಗೆ ಶ್ರುತಿ ಕೂಡಿಸಬೇಕು. ತಂಗಿಯೇ ಬರಬೇಕೆಂದು ಹಾಡುವವರ ಹಟ.

ತಿರುಪಮ್ಮ ಫೋನಿಟ್ಟು ನಕ್ಕಳು. ಅವಳು ನಕ್ಕದ್ದನ್ನು ನೋಡಿ ಗಂಡ ಎರಡು ಹೆಜ್ಜೆ ಹಿಂದೆ ಸರಿದ. ಅವನು ಪಿಯಾನೊ ಹೊತ್ತು ಸಾಗಿಸುವ ಕೆಲಸದವನು. ಬೆನ್ನ ಮೇಲೆ ಪಿಯಾನೊ ಬಿದ್ದರೂ “ಸ್ವಲ್ಪ ಸರಿ ಮಾರಾಯ” ಎನ್ನುವ ಆಸಾಮಿ. ಆದರೆ ಹೆಂಡತಿಯ ನಗುವಿಗೆ ಹೆದರುತ್ತಿದ್ದ.

“ಯಾಕೇ ನಗ್ತೀಯ?”

“ನಮ್ಮಕ್ಕನಿಗೆ ಒಂದು ಉಡುಗೊರೆ ಕೊಡ್ಬೇಕು ರೀ. ತೋಳ.”

“ಅಯ್ಯೋ, ಅದನ್ನ ನಾನು ಹೊರ್ಬೇಕಾ?”

“ನೀವು ಬಾಯಿ ಮುಚ್ಕೊಂಡಿದ್ರೆ ಸಾಕು.”

“ಅಲ್ಲ ಕಣೇ, ವಯಸ್ಸಾಯ್ತು ಇಬ್ರಿಗೂ. ಇನ್ನೆಷ್ಟು ದಿನ ಹಗೆ?”

“ವಯಸ್ಸಾಗಿದ್ದಕ್ಕೇ ಅವಸರ.”

ಕಛೇರಿಯ ದಿನ ಮಧ್ಯಾಹ್ನ, ಪಿಯಾನೊ ನುಡಿಸುವವನು ಅಭ್ಯಾಸ ಮುಗಿಸಿ ಹೋದ ಮೇಲೆ, ತಿರುಪಮ್ಮ ಖಾಲಿ ಪುರಭವನದ ವೇದಿಕೆ ಹತ್ತಿದಳು. ಪಿಯಾನೊದ ಮುಚ್ಚಳ ಎತ್ತಿ, ತಂತಿಗಳ ನಡುವೆ ಉಣ್ಣೆಪಟ್ಟಿ ತೂರಿಸಿ, ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದಳು. ಲೆಕ್ಕ ಅವಳ ತಲೆಯಲ್ಲಿ ಎಂದೋ ಮುಗಿದಿತ್ತು. ಹಾಡು ಹೊರಟ ಸ್ವರಕ್ಕೇ, ಅಂದರೆ ತನ್ನ ಮನೆಗೆ, ವಾಪಸ್ ಬಂದು ಕೂರುವುದು ಕೊನೆಯ ಸಾಲಿನಲ್ಲಿ ಮಾತ್ರ. ಅಲ್ಲಿ ನುಡಿಯುವ ಹನ್ನೆರಡನೆಯ ಜೋಡಿ ಅದಕ್ಕೆ ಮುಂಚೆ ಈ ಹಾಡಿನಲ್ಲಾಗಲಿ, ಅಕ್ಕನ ಬೇರೆ ಹಾಡುಗಳಲ್ಲಾಗಲಿ ಸುಳಿಯುವುದಿಲ್ಲ. ತೋಳವನ್ನು ಕಟ್ಟಬೇಕಾದದ್ದು ಅಲ್ಲೇ. ಉಳಿದ ಹನ್ನೊಂದು ಜೋಡಿಯನ್ನು ಅವಳು ಎಷ್ಟು ಶುದ್ಧ ಮಾಡಿದಳೆಂದರೆ, ಪಿಯಾನೊದ ಒಳಗಿದ್ದ ಗೆದ್ದಲು ಮರ ತಿನ್ನುವುದನ್ನು ನಿಲ್ಲಿಸಿ ಕೇಳಿದವು. ಅಕ್ಕ ಸಂಜೆಯೆಲ್ಲ ಜೇನಿನಲ್ಲಿ ಈಜಲಿ. ಕೊನೆಯ ಸಾಲಿನಲ್ಲಿ, ಊರೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತಿರುವಾಗ, ಕಾಲ ಕೆಳಗಿನಿಂದ ತೋಳ ಎದ್ದು ಗಂಟಲು ಹಿಡಿಯಲಿ. ಕಡೆಯ ಬಿರಡೆ ತಿರುವುವಾಗ ಅವಳಿಗೆ ಹರೆಯ ಮರಳಿದ ಹಾಗಿತ್ತು.

ಸಂಜೆ ಪುರಭವನ ಭರ್ತಿ. ತಿರುಪಮ್ಮ ಗಂಡನೊಂದಿಗೆ ಮೂರನೆಯ ಸಾಲಿನಲ್ಲಿ, ತುದಿಯ ಕುರ್ಚಿಯಲ್ಲಿ ಕೂತಳು. ಬೇಟೆಯ ಗುಂಡಿ ತೋಡಿದವರು ಹತ್ತಿರದಲ್ಲೇ ಕೂರುತ್ತಾರಲ್ಲ, ಹಾಗೆ. ಅಕ್ಕ ಹಾಡಿದಳು. ಶುದ್ಧ ಸ್ವರಗಳ ಮೇಲೆ ಆ ಮುದಿ ಗಂಟಲು ಕೂಡ ನಿಗಿನಿಗಿ ಹೊಳೆಯಿತು. ಮುಂದಿನ ಸಾಲಿನ ಗಣ್ಯರು ಎಚ್ಚರವಾಗಿಯೇ ಇದ್ದರು. ಇಂಥದ್ದು ಆ ಕಟ್ಟಡದ ಇತಿಹಾಸದಲ್ಲೇ ಮೊದಲು.

ಮೊದಲ ಭಾಗ ಮುಗಿದು ಚಪ್ಪಾಳೆ ನಿಂತ ಮೇಲೆ ಅಕ್ಕ ಮೈಕಿನ ಹತ್ತಿರ ಬಂದಳು. “ಇವತ್ತು ನನ್ನ ದನಿ ಇಷ್ಟು ಚೆನ್ನಾಗಿ ಕೇಳ್ತಿದ್ರೆ, ಅದಕ್ಕೆ ಕಾರಣ ಈ ಪಿಯಾನೊ. ಇದನ್ನ ಶ್ರುತಿ ಮಾಡಿರೋದು ನನ್ನ ತಂಗಿ. ಇಲ್ಲಿಂದ ಮುಂದೆ ನೀವು ಏನು ಕೇಳಿದ್ರೂ, ಒಳ್ಳೇದೋ ಕೆಟ್ಟದ್ದೋ, ಎಲ್ಲಾ ಅವಳ ಕೈಚಳಕ. ಎದ್ದು ನಿಲ್ಲೇ, ಜನ ನೋಡ್ಲಿ!”

ಸಾವಿರ ತಲೆ ತಿರುಗಿದವು. ಗಂಡ ಹೆಮ್ಮೆಯಿಂದ ಅವಳ ಮೊಣಕೈ ಹಿಡಿದೆತ್ತಿದ. ತಿರುಪಮ್ಮ ನಿಂತಳು. ಜನ್ಮದಲ್ಲಿ ಮೊದಲ ಬಾರಿ ಅವಳಿಗಾಗಿ ಊರು ಚಪ್ಪಾಳೆ ತಟ್ಟುತ್ತಿತ್ತು, ಅದೂ ಅವಳೇ ಬಚ್ಚಿಟ್ಟ ತೋಳ ಇನ್ನೇನು ಹೊರಬೀಳಲಿದೆ ಎನ್ನುವಾಗ. ಊಳಿಟ್ಟರೆ ಈಗ ಅದು ಅವಳ ಹೆಸರಿನಲ್ಲೇ ಊಳಿಡುತ್ತದೆ. ಆಮೇಲೆ ಊರಿನಲ್ಲಿ ಯಾರೂ ಅವಳ ಕೈಗೆ ಸೈಕಲ್ ಗಂಟೆಯನ್ನೂ ಕೊಡುವುದಿಲ್ಲ.

ಬಿಡುವಿನಲ್ಲಿ ಪರದೆ ಬಿದ್ದದ್ದೇ ತಡ, ಚೀಲ ಹಿಡಿದು ಪಕ್ಕದ ಬಾಗಿಲಿನಿಂದ ವೇದಿಕೆಗೆ ನುಗ್ಗಿದಳು. ಅಕ್ಕ ಪಿಯಾನೊದ ಮುಂದೆ ಕೂತು, ಎರಡು ಬೆರಳಿನಲ್ಲಿ ಅದೇ ಜೋಡಿಯನ್ನು ಮೆಲ್ಲಗೆ ಒತ್ತುತ್ತಿದ್ದಳು. ತಗ್ಗಿದ ದನಿಯಲ್ಲಿ ತೋಳ ಗುರುಗುಟ್ಟುತ್ತಿತ್ತು.

“ಬಾರೇ. ದಷ್ಟಪುಷ್ಟವಾಗಿ ಸಾಕಿದ್ದೀಯ” ಎಂದಳು ಅಕ್ಕ.

“ಯಾವಾಗ ಗೊತ್ತಾಯ್ತು?”

“ಸಂಜೆ ಬೇಗ ಬಂದು ಕೂತಿದ್ದೆ. ಒಂದೊಂದೇ ಸ್ವರ ನೋಡ್ತಾ ಬಂದೆ. ಎಲ್ಲಾ ಇಷ್ಟು ಸಿಹಿಯಾಗಿದೆ ಅಂದ್ರೆ ಕಹಿ ಎಲ್ಲೋ ಗುಡ್ಡೆ ಹಾಕಿರ್ಬೇಕು ಅಂತ ಹುಡುಕಿದೆ. ನಾನೂ ಅದೇ ಅಪ್ಪನ ಮಗಳು ಕಣೇ.”

“ಗೊತ್ತಿದ್ದೂ ಜನರ ಮುಂದೆ ನನ್ನ ನಿಲ್ಲಿಸಿದೆ.”

“ಮತ್ತೆ? ಕಚ್ಚೋದು ನಿನ್ನ ತೋಳ, ಕಚ್ಚಿಸ್ಕೊಳ್ಳೋದು ನಾನೊಬ್ಬಳೇನಾ?”

“ನನ್ನ ಹಾಡು ಕದ್ದೆ ನೀನು!” ಪರದೆಯಾಚೆ ಕೇಳೀತೆಂದು ತಿರುಪಮ್ಮ ಪಿಸುದನಿಯಲ್ಲೇ ಕಿರುಚಿದಳು. ಆ ಪಿಸುಮಾತಿಗೆ ಪರದೆಯ ಧೂಳು ಉದುರಿತು. “ಪೂರ್ತಿ ಹಾಡು ನನ್ನದು. ನೀನು ತಲೆ ಬಾಚ್ಕೊಂಡು ಕೂತಿದ್ದೆ.”

“ಪೂರ್ತಿನಾ?” ಅಕ್ಕ ಮತ್ತೆ ಆ ಎರಡು ಕೀ ಒತ್ತಿದಳು. “ಹಾಗಿದ್ರೆ ತೋಳನ್ನ ಕೊನೇ ಸಾಲಲ್ಲೇ ಯಾಕೆ ಕಟ್ಟಿದೆ? ಹಾಡು ಶುರು ಮಾಡ್ತಿದ್ದ ಹಾಗೇ ಕಚ್ಚಿಸ್ಬಹುದಿತ್ತು. ಮಧ್ಯದಲ್ಲಿ ಕಚ್ಚಿಸ್ಬಹುದಿತ್ತು. ಹುಡುಕಿ ಹುಡುಕಿ ಕೊನೇ ಸಾಲಿಗೆ ತಂದು ಕಟ್ಟಿದ್ದೀಯ. ಯಾಕೆ ಅಂದ್ರೆ ಅದೊಂದು ಸಾಲು ನಿನ್ನದಲ್ಲ. ನಿನ್ನ ಮಗುಗೆ ನೀನೇ ನಾಯಿ ಛೂ ಬಿಡ್ತೀಯಾ?”

ತಿರುಪಮ್ಮ ಚೀಲದಿಂದ ಹಿಡಿ ಹೊರತೆಗೆದಳು, ಅಕ್ಕ ಮಾತು ನಿಲ್ಲಿಸಲಿಲ್ಲ.

“ನಿನ್ನ ಗುನುಗು ಹತ್ತುತ್ತಾ ಇತ್ತು, ಹತ್ತುತ್ತಾನೇ ಇತ್ತು. ಇಳಿಯೋದು ಗೊತ್ತಿರ್ಲಿಲ್ಲ. ಲೆಕ್ಕ ಸರಿಹೋಗ್ಲಿಲ್ಲ ಅಂತ ಊಟ ಬಿಟ್ಟವಳು ನೀನು, ಹಾಡು ಹೇಗೆ ಮುಗಿಸ್ತೀಯ? ನಾನು ಅಲ್ಲಿ ಇಲ್ಲಿ ಸ್ವಲ್ಪ ಒತ್ತಿ, ಸ್ವಲ್ಪ ಎಳೆದು, ಮನೆ ಮುಟ್ಟಿಸಿದೆ.”

“ಒಂದು ಸಾಲು ಹಾಕಿದ್ದಕ್ಕೆ ಪೂರ್ತಿ ನಿನ್ನ ಹೆಸರಾ?”

“ಅದು ತಪ್ಪೇ” ಎಂದಳು ಅಕ್ಕ, ತಪ್ಪಿತಸ್ಥೆಯ ಲಕ್ಷಣ ಒಂದೂ ಇಲ್ಲದ ಮುಖದಲ್ಲಿ. “ಆದ್ರೆ ನೀನು ಇಷ್ಟು ವರ್ಷ ಪೂರ್ತಿ ನನ್ನದು ಅಂತ ಮನಸ್ಸಲ್ಲೇ ಅಂದ್ಕೊಂಡು ಬಂದೆಯಲ್ಲ, ಅದೂ ತಪ್ಪೇ. ಇವತ್ತು ನೀನೇ ತಂತಿ ಬಿಗಿದು ಸಾಕ್ಷಿ ಹೇಳಿದ್ದೀಯ. ಈಗ ಕೆಲಸ ನೋಡು. ತೋಳನ್ನ ಅಲ್ಲಿಂದ ಬಿಚ್ಚು.”

ಬಿಚ್ಚುವುದೇನೋ ಸರಿ, ಕಟ್ಟುವುದೆಲ್ಲಿ? ಉಳಿಕೆಯನ್ನು ಎಲ್ಲ ಸ್ವರಗಳಿಗೂ ಸವರಲು ಅರ್ಧ ದಿನ ಬೇಕು. ಬಿಡುವಿನಲ್ಲಿ ಆಗುವುದು ಒಂದೇ: ಎರಡು ಸ್ವರ ಬದಲಿಸಿದರೆ ತೋಳ ಪಕ್ಕಕ್ಕೆ ಸರಿದು ಹಾಡಿನ ಮೊದಲ ಸಾಲಿಗೆ ಬಂದು ಕೂರುತ್ತದೆ. ಅಂದರೆ ತಿರುಪಮ್ಮನ ಸಾಲಿಗೆ. ಅಕ್ಕನಿಗೂ ಅದು ಗೊತ್ತಿತ್ತು.

“ನಿನ್ನ ಸಾಲಿಗೆ ಕಟ್ಕೋ” ಎಂದಳು. “ಮೊದಲ ಸಾಲಲ್ಲಿ ಒಂದು ಸಲ ಊಳಿಡುತ್ತೆ, ಆಮೇಲೆ ಕೊನೇವರೆಗೆ ಜೇನು. ಜನ ಮೊದಲನೇದನ್ನ ಮರೀತಾರೆ. ನಿನ್ನ ಹೆಸರು ಉಳಿಯುತ್ತೆ, ನನ್ನ ಕಛೇರಿನೂ ಉಳಿಯುತ್ತೆ.”

ತಿರುಪಮ್ಮ ಹಿಡಿಯನ್ನು ಬಿರಡೆಗೆ ಸಿಕ್ಕಿಸಿದಳು. ತನ್ನ ಕಸುಬಿನ ಮಾನ ಆ ತಿರುವಿನಲ್ಲಿತ್ತು. ಆದರೆ ಆ ಮೊದಲ ಸಾಲು ಅವಳ ಬಾಯಿಂದ ಹುಟ್ಟಿದ್ದು. ಅದಕ್ಕೆ ಹಲ್ಲು ತಾಗಿಸುವುದೇ? ಅದೂ ಅಕ್ಕನ ಸಾಲನ್ನು ಉಳಿಸಲು?

ಹಿಡಿ ಕಿತ್ತು ಚೀಲಕ್ಕೆ ಹಾಕಿದಳು. “ಅಲ್ಲೇ ಇರ್ಲಿ. ಇಬ್ಬರ ಮಾನವೂ ಹೋಗ್ಲಿ.”

“ಶಹಬ್ಬಾಸ್,” ಎಂದಳು ಅಕ್ಕ, “ಹಟ ಅಂದ್ರೆ ಇದು. ಹೋಗಿ ಕೂತ್ಕೋ.”

ಎರಡನೆಯ ಭಾಗದುದ್ದಕ್ಕೂ ತಿರುಪಮ್ಮನಿಗೆ ಒಂದು ಹಾಡೂ ಕಿವಿಗೆ ಬೀಳಲಿಲ್ಲ. ಜೀವಮಾನದಲ್ಲಿ ಆ ಕಿವಿಗಳು ಕೆಲಸಕ್ಕೆ ಚಕ್ಕರ್ ಹೊಡೆದದ್ದು ಅದೊಂದೇ ಸಂಜೆ. ಕೊನೆಗೆ ಅಕ್ಕ ಮತ್ತೆ ಮೈಕಿನ ಹತ್ತಿರ ಬಂದಳು. ಊರು ಉಸಿರು ಬಿಗಿ ಹಿಡಿಯಿತು.

“ಪೋಸ್ಟರಿನಲ್ಲಿ ಸುಳ್ಳು ಹಾಕಿದ್ದಾರೆ” ಎಂದಳು ಅಕ್ಕ. “ಹಾಕಿಸಿದ್ದು ನಾನೇ. ಈ ಹಾಡು ಕಟ್ಟಿದ್ದು ನನ್ನ ತಂಗಿ. ಕೊನೇ ಸಾಲು ಮಾತ್ರ ನನ್ನದು. ಇಷ್ಟು ವರ್ಷ ಅವಳ ಹಾಡಿಗೆ ನನ್ನ ಬಾಲ ಅಂಟಿಸಿದ್ದೆ. ಇವತ್ತು ಅವಳು ಕಟ್ಟಿದ ಹಾಗೇ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ಹಾಡ್ತೀನಿ.”

ತಿರುಪಮ್ಮನಿಗೆ ಬೆವರು ಕಿತ್ತುಕೊಂಡಿತು. ಅಷ್ಟು ವರ್ಷ ಕೇಳಲು ಹಂಬಲಿಸಿದ ಮಾತು, ಸಾವಿರ ಜನರ ಎದುರು, ಮೈಕಿನಲ್ಲಿ! ಗಂಡ ಕಿವಿಯಲ್ಲಿ, “ನೋಡಿದ್ಯಾ, ಎಷ್ಟು ದೊಡ್ಡ ಮನಸ್ಸು” ಎಂದ. “ಥೂ, ಸುಮ್ನಿರಿ. ನಿಮಗೆ ಅವಳು ಗೊತ್ತಿಲ್ಲ” ಎಂದಳು ಇವಳು.

ಅಕ್ಕ ಹಾಡಿದಳು. ಎಂದೂ ಹಾಗೆ ಹಾಡಿರಲಿಲ್ಲ. ಮೆಟ್ಟಿಲ ಮೇಲೆ ಮೆಟ್ಟಿಲು, ಕಿಟಕಿಯ ಮೇಲೆ ಕಿಟಕಿ, ಶುದ್ಧ ಸ್ವರಗಳ ಬೆಳಕಿನಲ್ಲಿ ಪುರಭವನದ ಚಾವಣಿ ನಾಲ್ಕು ಅಂಗುಲ ಮೇಲೆದ್ದಿತ್ತು ಎಂದು ಕಾವಲುಗಾರ ಇಂದಿಗೂ ಆಣೆ ಮಾಡುತ್ತಾನೆ. ಹಾಡು ಹತ್ತಿ ಹತ್ತಿ ಕಟ್ಟಕಡೆಯ ಮೆಟ್ಟಿಲಿಗೆ ಬಂತು. ಇನ್ನು ಮನೆ ಸೇರುವುದೊಂದೇ ಬಾಕಿ. ಅಲ್ಲಿ ಅಕ್ಕ ಬಾಯಿ ಮುಚ್ಚಿದಳು. ಪಿಯಾನೊ ನುಡಿಸುವವನ ಕೈಮೇಲೆ ಕೈಯಿಟ್ಟು ತಡೆದಳು. ಎದೆಯ ಮೇಲೆ ಕೈಕಟ್ಟಿ, ಮೂರನೆಯ ಸಾಲಿನ ತುದಿಯ ಕುರ್ಚಿಯನ್ನೇ ನೋಡುತ್ತ ನಿಂತಳು.

ಚಪ್ಪಾಳೆಗೆಂದು ಎತ್ತಿದ ಎರಡು ಸಾವಿರ ಅಂಗೈ ಗಾಳಿಯಲ್ಲೇ ನಿಂತವು. ಸೀನು ಮೂಗಿನ ತುದಿಗೆ ಬಂದು ಹೊರಬರದೆ ಉಳಿದರೆ ಹೇಗಿರುತ್ತದೋ, ಇಡೀ ಊರಿಗೆ ಒಮ್ಮೆಗೇ ಹಾಗಾಯಿತು. “ಮುಗೀಲಿಲ್ವಲ್ಲ” ಎಂದು ಹಿಂದಿನಿಂದ ಒಬ್ಬ ಮುದುಕ ಅಳುದನಿಯಲ್ಲಿ ಹೇಳಿದ. “ತಂಗಿಯವರೇ, ಮುಗಿಸಿ ತಾಯೀ!” ಎಂದು ಇನ್ನೊಬ್ಬರು. ಮತ್ತೆ ಸಾವಿರ ತಲೆ ಅವಳ ಕಡೆ ತಿರುಗಿದವು.

ಬೇಕಿದ್ದರೆ ತಿರುಪಮ್ಮ ಎದ್ದು ಆ ಕೊನೆಯ ಸಾಲನ್ನು ಹಾಡಿಬಿಡಬಹುದಿತ್ತು. ಊರಿನ ಹಸುಗೂಸಿಗೂ ಬರುವ ಸಾಲು. ಹಾಡಿದರೆ ಅಕ್ಕನ ಸಾಲಿಲ್ಲದೆ ತನ್ನ ಹಾಡು ಹಾಡಲ್ಲವೆಂದು ಬಾಯಾರೆ ಒಪ್ಪಿದ ಹಾಗೆ. ಅವಳೂ ಎದೆಯ ಮೇಲೆ ಕೈಕಟ್ಟಿ ಕೂತಳು. ವೇದಿಕೆಯ ಮೇಲೊಬ್ಬಳು, ಕುರ್ಚಿಯಲ್ಲೊಬ್ಬಳು, ಒಬ್ಬರನ್ನೊಬ್ಬರು ನುಂಗುವ ಹಾಗೆ ನೋಡುತ್ತ. ಕೊನೆಗೆ ಮ್ಯಾನೇಜರು ದೀಪ ಆರಿಸಿ ಹತ್ತಿಸಿ, ಕೈಮುಗಿದು, ಜನರನ್ನು ಮನೆಗೆ ಕಳಿಸಬೇಕಾಯಿತು. ಆ ರಾತ್ರಿ ಊರಿನಲ್ಲಿ ನಾಯಿಗಳೂ ನಿದ್ದೆ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆಯೇ ತಿರುಪಮ್ಮ ಸೆರಗು ಸಿಕ್ಕಿಸಿ ತನ್ನ ಅಡುಗೆಮನೆಯ ಪಿಯಾನೊದ ಮುಂದೆ ಕೂತಳು. ಹಾಡಿಗೆ ತನ್ನದೇ ಕೊನೆಯ ಸಾಲು ಕಟ್ಟಬೇಕು. ಅಕ್ಕನದಕ್ಕಿಂತ ಚೆನ್ನಾಗಿರಬೇಕು, ಒತ್ತದೆ, ಎಳೆಯದೆ, ಲೆಕ್ಕ ತಪ್ಪದೆ ಮನೆ ಮುಟ್ಟಬೇಕು. ಅದನ್ನು ಅಕ್ಕನ ಮುಖದ ಮೇಲೆ ಎಸೆಯಬೇಕು. ಮಧ್ಯಾಹ್ನದ ಹೊತ್ತಿಗೆ ಏಳೆಂಟು ಸಾಲು ಕಟ್ಟಿದಳು. ಒಂದೊಂದೂ ನಿಖರ, ಒಂದೊಂದೂ ಹೊಸ್ತಿಲ ಪಕ್ಕದ ಗೋಡೆಗೆ ಹೋಗಿ ಹಣೆ ಚಚ್ಚಿಕೊಂಡಿತು. ಗಂಡ ಊಟಕ್ಕೆ ಕರೆದ. ಬೇಡವೆಂದಳು.

“ಅಕ್ಕನ್ನೇ ಒಂದು ಮಾತು ಕೇಳ್ಬಾರ್ದಾ?”

“ನೀವು ಪಿಯಾನೊ ಹೊರೋಕೆ ಹೋಗಿ.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆಚೆಯಿಂದ ಅಕ್ಕನ ದನಿ, ನಮಸ್ಕಾರವಿಲ್ಲ, ಚೆನ್ನಾಗಿದ್ದೀಯಾ ಇಲ್ಲ. “ಮುಗೀತಾ?”

“ಇಲ್ಲ.”

“ಸರಿ. ನಾಳೆ ಮತ್ತೆ ಫೋನ್ ಮಾಡ್ತೀನಿ.”

ಅಂದಿನಿಂದ ಅಕ್ಕ ಒಂದು ದಿನವೂ ತಪ್ಪಿಸಿಲ್ಲ. ಹೊಟ್ಟೆ ಉರಿಸಲೆಂದೇ ಮಾಡುವುದು, ಅದರಲ್ಲಿ ಅನುಮಾನ ಬೇಡ. ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದ ದಿನವೂ ನರ್ಸಿನ ಕೈಯಲ್ಲಿ ಫೋನು ಹಿಡಿಸಿ, “ಮುಗೀತಾ?” ಎಂದಿದ್ದಾಳೆ. ತಿರುಪಮ್ಮ ಹಲ್ಲು ಕಚ್ಚಿ “ಇಲ್ಲ” ಎನ್ನುತ್ತಾಳೆ, ಹಿಂದಿನ ದಿನ ಕಟ್ಟಿದ ಸಾಲನ್ನು ಫೋನಿನಲ್ಲೇ ನುಡಿಸಿ ತೋರಿಸುತ್ತಾಳೆ. ಆಚೆಯಿಂದ ಅಕ್ಕ ಪೂರ್ತಿ ಕೇಳಿಸಿಕೊಂಡು, “ಥೂ, ಇದೂ ಒಂದು ಸಾಲಾ?” ಎಂದು ಇಡುತ್ತಾಳೆ. ಇತ್ತೀಚೆಗೆ ಒಂದು ದಿನ ಫೋನು ಬರುವುದು ಸ್ವಲ್ಪ ತಡವಾಯಿತು. ತಿರುಪಮ್ಮ ಚಪ್ಪಲಿ ಮೆಟ್ಟಿ, ಅಕ್ಕನಿಗೆ ಬೈಯಲೆಂದು ಬಾಗಿಲವರೆಗೆ ಹೋಗಿದ್ದಳು.